ಏಳು ವಿಮಾನಕ್ಕೆ ನನ್ನದೊಂದು ಸಹಿ

ಕಂದಾಯ ಕಚೇರಿಯಲ್ಲಿ ದುಡಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅರ್ಜಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತವೆ. ನನ್ನ ಪಾಲಿಗೆ ಒಮ್ಮೆ ಆಕಾಶದಿಂದಲೂ ಇಳಿದವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸವಣೂರು ಕಚೇರಿಯಲ್ಲಿ ಇನ್ನೂ ಕಾಯಂ ಆಗದ ಗುಮಾಸ್ತ. ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು, ದುಡಿಯುವವನು ನಾನೊಬ್ಬನೇ. ಆ ಬೇಸಿಗೆಯಲ್ಲಿ ಹಾರಾಟದ ಕ್ಲಬ್ಬೊಂದರವರು ಏಳು ಪುಟ್ಟ ವಿಮಾನಗಳನ್ನು ಯಲವಿಗಿ ದಾರಿಯ ಬಯಲು ಮಡ್ಡಿಯ ಮೇಲೆ ಇಳಿಸುತ್ತೇವೆ, ಎರಡು ದಿನ ಜನರಿಗೆ ತೋರಿಸುತ್ತೇವೆ, ಧೈರ್ಯ ಇದ್ದವರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸುತ್ತೇವೆ ಎಂದು ಬರೆದರು. ಜನ ಅದಕ್ಕೆ ಆಗಲೇ ‘ಇಮಾನದ ಸಂತಿ’ ಎಂದು ಹೆಸರಿಟ್ಟಾಗಿತ್ತು.

೧. ಕಾಗದ ಇಳಿದು ಬಂದದ್ದು

ಮೇಲಿನಿಂದ ಬಂದ ಪರವಾನಗಿಯ ಕೊನೆಯಲ್ಲಿ ಒಂದು ಸಾಲಿತ್ತು: ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಪೆಟ್ಟಾದರೆ ಬಂದೋಬಸ್ತು ನೋಡಿಕೊಳ್ಳುವವನೇ ಜವಾಬ್ದಾರ. ಮಾಮಲೇದಾರ ಸಾಹೇಬರು ಅದನ್ನು ಮೂರು ಸಲ ಓದಿ ಶಿರಸ್ತೇದಾರರತ್ತ ಸರಿಸಿದರು. ಶಿರಸ್ತೇದಾರರಿಗೆ ಆ ಕ್ಷಣವೇ ಬೆನ್ನುನೋವು ಶುರುವಾಯಿತು. ಅವರು ಹೆಡ್ ಗುಮಾಸ್ತರತ್ತ ಸರಿಸಿದರು. ಹೆಡ್ ಗುಮಾಸ್ತರಿಗೆ ಹತ್ತಿರದ ನೆಂಟರ ಮದುವೆ ನೆನಪಾಯಿತು. ಕಾಗದ ಹೀಗೆ ಸರಿಯುತ್ತ ಸರಿಯುತ್ತ ನನ್ನ ಮೇಜಿಗೆ ಬಂತು. ನನ್ನಾಚೆಗೆ ಗೋಡೆ.

“ನಿನ್ನ ಅಕ್ಷರ ಚಲೋ ಅದಾವ, ನೀನ ಸಹಿ ಮಾಡು,” ಎಂದರು ಸಾಹೇಬರು.

ಮಾಡಿದೆ. ಆಮೇಲೆ ಧೈರ್ಯ ತಂದುಕೊಂಡು ಕೇಳಿದೆ: “ಸಾಹೇಬ್ರ, ಇಮಾನ ನನ್ನ ಮ್ಯಾಲ ಬಿದ್ರ?”

ಅವರು ಬಹಳ ಪ್ರೀತಿಯಿಂದಲೇ ಹೇಳಿದರು: “ಅದರ ಚಿಂತಿ ನಿನಗ್ಯಾಕ? ವರದಿ ಬರ್ಯಾಕ ಹೊಸಾ ಗುಮಾಸ್ತನ್ನ ತಗೋತೇವಿ.”

೨. ಗೆರೆ ಮತ್ತು ರಂಗೋಲಿ

ಮಡ್ಡಿ ಪಕ್ಕದೂರಿನ ಗೌಡರದ್ದು. ಎಪ್ಪತ್ತು ದಾಟಿದ ಹಿರಿಯರು. ದನ ಮೇಯುವ ಆ ಗಟ್ಟಿ ನೆಲವನ್ನು ಕೇಳಿದಾಗ ಒಂದು ಮಾತೂ ಆಡದೆ ಇಪ್ಪತ್ತು ಜೋಡಿ ಎತ್ತು ಹೂಡಿಸಿ, ಕಲ್ಲು ಆರಿಸಿ, ಕುಂಟೆ ಎಳೆಸಿ ಅಂಗೈಯಂತೆ ಮಾಡಿಸಿಕೊಟ್ಟರು. ಇಂಥವರು ಇದ್ದುದರಿಂದಲೇ ಸರಕಾರ ನಡೆಯುತ್ತಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ.

ವಿಮಾನ ಇಳಿಯುವ ತುದಿಯಲ್ಲಿ ಸುಣ್ಣದಿಂದ ಒಂದು ದಪ್ಪ ಗೆರೆ ಎಳೆಯಬೇಕೆಂದು ಕ್ಲಬ್ಬಿನವರು ಬರೆದಿದ್ದರು. ಎಳೆಸಿದೆ. ಗೌಡರ ಹೆಂಡತಿ ಬಂದು ನೋಡಿದರು.

“ಇದೇನಪಾ, ಮಂದಿ ಬರೂ ಬಾಗಲಕ ಬರೇ ಗೆರಿ ಹೊಡದು ಬಿಟ್ಟೀಯಲ್ಲ? ಸೂತಕದ ಮನಿ ಏನಿದು?”

ನಾನು ಬೇಡವೆಂದರೂ ಕೇಳಲಿಲ್ಲ. ಊರ ಹೆಣ್ಣುಮಕ್ಕಳನ್ನೆಲ್ಲ ಕರೆತಂದು ಗಾಡಿಯ ಗಾಲಿಯಷ್ಟು ದೊಡ್ಡ ಕಮಲ, ಹಂಸ, ಶಂಖಗಳನ್ನು ಸಾಲಾಗಿ ಬರೆಸಿದರು. ಮೊದಲ ವಿಮಾನ ಬಂತು. ಇಳಿಯಲಿಲ್ಲ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕೆಳಗೆ ನನ್ನ ನೌಕರಿಯೂ ಅದರ ಜೊತೆಗೇ ಸುತ್ತುತ್ತಿತ್ತು. ಕೊನೆಗೆ ಇಳಿದವರು ಕ್ಲಬ್ಬಿನ ಮುಖ್ಯ ಪೈಲಟ್. ಮಿಲಿಟರಿಯಿಂದ ನಿವೃತ್ತರಾದ, ಬೆಳಗಾವಿ ಕಡೆಯ ಎತ್ತರದ ಮನುಷ್ಯ.

“ತಪ್ಪಾತ್ರಿ. ಗುರುತು ಸರಿಯಾಗಿ ಕಾಣಲಿಲ್ಲೇನ್ರಿ?” ಎಂದೆ.

“ಇಷ್ಟು ಚೆಂದ ಕಾಣೋ ಗುರುತು ನಾನು ಎಲ್ಲೂ ನೋಡಿಲ್ಲ.”

“ಮತ್ತ ಮೂರು ಸುತ್ತು ಯಾಕ ಹೊಡದ್ರಿ?”

“ತುಳ್ಯಾಕ ಮನಸಾಗಲಿಲ್ಲ.”

೩. ಎಲೆ ಅಡಿಕೆ

ಹಾರಲು ಬಂದವರು ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು: ‘ನನಗೇನಾದರೂ ಆದರೆ ಕ್ಲಬ್ಬು ಹೊಣೆಯಲ್ಲ.’ ಸಾಲಿನಲ್ಲಿ ಮೊದಲು ನಿಂತವರು ಶಿಗ್ಗಾವಿಯ ಅರಳೆ ವ್ಯಾಪಾರಿ. ಓದಿ ಕಾಗದ ತಿರುಗಿ ಕೊಟ್ಟರು.

“ನನ್ನ ಸಾವಿನ ಸುದ್ದಿ ನನ್ನ ಕೈಲೇನ ಬರಸ್ತೀರೇನ್ರಿ?”

ಕೆಟ್ಟದ್ದನ್ನು ಬಾಯಲ್ಲಿ ಆಡಲೂ ಬಾರದೆನ್ನುವ ಜನ, ಬರೆದು ಸಹಿ ಮಾಡುತ್ತಾರೆಯೇ? ಅವರ ಹಿಂದಿನ ಸಾಲು ಪೂರ್ತಿ ಕರಗಿತು. ಆಗಲೂ ದಾರಿ ತೋರಿಸಿದವರು ಗೌಡರೇ.

“ನಮ್ಮ ಕಡೆ ಲಗ್ನಾನ ಎಲಿ ಅಡಿಕಿ ಮ್ಯಾಲ ನಿಂತಾವು. ಇಮಾನ ಹತ್ತೂ ಮುಂದ ಪೈಲಟ್ ಸಾಹೇಬ್ರಿಗೆ ಎಲಿ ಅಡಿಕಿ ಕೊಡ್ರಿ. ಅವರು ತಗೊಂಡ್ರ ನಿಮ್ಮನ್ನ ಸುರಳೀತ ಇಳಸ್ತೇನಿ ಅಂತ ಮಾತು ಕೊಟ್ಟಂಗ. ಆಮ್ಯಾಲ ಆ ಕಾಗದದಾಗ ಅವರು ಏನರ ಬರಕೊಳ್ಳಲಿ.”

ಪೈಲಟ್ ಒಪ್ಪಿದರು. ಅದೂ ಹೇಗೆ, ಒಬ್ಬೊಬ್ಬರೆದುರೂ ಎರಡೂ ಕೈಯೊಡ್ಡಿ ತೆಗೆದುಕೊಂಡು, ಅವರ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡರು. ಜನ ನಗುನಗುತ್ತ, ಓದದೆ ಸಹಿ ಹಾಕಿದರು. ಆ ಮನುಷ್ಯ ಅಂದು ಕೊಟ್ಟ ಮಾತನ್ನು ಒಬ್ಬರ ವಿಷಯದಲ್ಲೂ ತಪ್ಪಲಿಲ್ಲ.

ಇಳಿಹೊತ್ತಿನ ತನಕ ಸುಮಾರು ನಲವತ್ತು ಎಲೆ ಅಗಿದಿರಬೇಕು. ಹಾನಗಲ್ಲಿನ ಒಬ್ಬ ರೈತನ ಪಾಳಿ ಬಂತು. ಅವನು ಹತ್ತಿ ಕುಳಿತು ರುಮಾಲು ಬಿಗಿದುಕೊಳ್ಳುತ್ತಿರುವಾಗ ಪೈಲಟ್ ಆ ಕಡೆ ಬಗ್ಗಿ, ಬಾಯಿತುಂಬ ಇದ್ದುದನ್ನು ಉಗುಳಿದರು. ಕೆಂಪಗೆ ನೆಲಕ್ಕೆ ಬಿದ್ದದ್ದನ್ನು ರೈತ ನೋಡಿದ. ಸದ್ದಿಲ್ಲದೆ ಇಳಿದು ನನ್ನ ಹತ್ತಿರ ಬಂದ.

“ದಿನಾ ಹಾರೂ ಗಟ್ಟಿ ಆಳ ರಕ್ತಾ ಕಾರಾಕತ್ತಾನ. ನಾ ನಡಕೋಂತನ ಹೊಕ್ಕೇನ್ರಿ.”

೪. ಏಳದ ಪಂಕ್ತಿ

ಆ ಸಂಜೆ ಆಗಬಾರದ್ದು ಆಗುವುದರಲ್ಲಿತ್ತು. ಕೊನೆಯ ವಿಮಾನ ಇಳಿಯುತ್ತಿರುವಾಗ ಜನ ಹಗ್ಗ ಹರಿದುಕೊಂಡು ಅದರತ್ತ ಓಡಿದರು. ಚಾಲಕ ಹೇಗೋ ಮತ್ತೆ ಮೇಲೆದ್ದ. ಆರು ಮಂದಿ ಪೋಲೀಸರ ಲಾಠಿಯಿಂದ ಏನೂ ಮಾಡಲಾಗಲಿಲ್ಲ.

ಮುಖ್ಯ ಪೈಲಟ್ ನನ್ನನ್ನು ಕರೆದರು. “ನಾಳೆ ಒಬ್ಬ ಹಗ್ಗ ದಾಟಿದರೂ ನಾವು ಹೊರಟು ಹೋಗ್ತೀವಿ. ಯಾಕೆ ಅಂತ ಬರೆಯುವಾಗ ನಿಮ್ಮ ಹೆಸರು ಬರೀಲೇಬೇಕಾಗ್ತದೆ.”

ನನಗೆ ಅವ್ವನ ಮುಖ ಕಣ್ಣ ಮುಂದೆ ಬಂತು. ಗೌಡರು ಹೆಗಲ ಮೇಲೆ ಕೈಯಿಟ್ಟರು.

“ಮಂದೀನ ಬಡಿಗಿ ತೋರ್ಸಿ ನಿಲ್ಲಸಾಕ ಬರೂದಿಲ್ಲ ತಮ್ಮಾ. ಎಲಿ ಹಾಕಿ ಕುಂದರಸಬೇಕು.”

ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ಮನೆಗೆ ಬೆಂಕಿ ಬಿದ್ದರೂ ಒಮ್ಮೆ ಹಿರಿಯರ ಮುಖ ನೋಡಿಯೇ ಏಳುತ್ತಾರೆ. ದುಂಡಸಿಯಿಂದ ಗೋಧಿ ಬಂತು, ಇನ್ನೊಂದೂರಿನಿಂದ ಬೆಲ್ಲ ಬಂತು, ಗಾಡಿಗಟ್ಟಲೆ ಮುತ್ತಲ ಎಲೆ ಬಂತು. ಮರುದಿನ ಹಾರಿಹೋದ ವಿಮಾನಗಳು ಹಿಂದಿರುಗುವ ಹೊತ್ತಿಗೆ ಸಾವಿರಗಟ್ಟಲೆ ಜನ ಹಗ್ಗದ ಹಿಂದೆ ಸಾಲಾಗಿ ಕುಳಿತು ಹುಗ್ಗಿ ಉಣ್ಣುತ್ತಿದ್ದರು. ಗೌಡರು ಮೊದಲ ಸಾಲಿನ ತುದಿಯಲ್ಲಿ. ವಿಮಾನಗಳು ಗುಡುಗುತ್ತ ಒಂದೊಂದಾಗಿ ಇಳಿದವು. ಕತ್ತುಗಳೆಲ್ಲ ತಿರುಗಿದವು, ಒಬ್ಬರೂ ಕುಂಡೆ ಎತ್ತಲಿಲ್ಲ. ನನಗೆ ಎಲ್ಲರ ಕಾಲಿಗೂ ಬೀಳಬೇಕೆನಿಸಿತು.

ಆರು ಇಳಿದವು. ಏಳನೆಯದು ಮುಖ್ಯ ಪೈಲಟ್‌ದು. ಹಿರೇಕೆರೂರಿನ ಕಡೆ ಅವರೊಬ್ಬರೇ ಹೋದದ್ದು ಅರ್ಧ ತಾಸಿನಲ್ಲಿ ಬರಬೇಕಿತ್ತು. ಒಂದು ತಾಸಾಯಿತು. ಎರಡು ತಾಸಾಯಿತು. ಊಟ ಮುಗಿದು ಎಲ್ಲರ ಕೈ ಎಲೆಯ ಮೇಲೆಯೇ ಒಣಗಿದವು.

“ಗೌಡ್ರ, ಇನ್ನ ಏಳ್ರಿ. ನೀವರ ಎಷ್ಟೊತ್ತು ಕುಂದರ್ತೀರಿ?” ಎಂದೆ.

“ನಾ ಎದ್ರ ಇಷ್ಟೂ ಮಂದಿ ಮಡ್ಡಿ ಮ್ಯಾಲ ಹರಡ್ತಾರ. ಆಮ್ಯಾಲ ಅವ ಬಂದ್ರ ಎಲ್ಲಿ ಇಳೀಬೇಕು?”

ಬರುವುದು ಖಾತ್ರಿಯಿಲ್ಲದವನಿಗೆ ಆ ಹಿರಿಯರು ಜಾಗ ಕಾಯುತ್ತಿದ್ದರು. ನಾನು ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ಕೊನೆಗೂ ಸದ್ದು ಕೇಳಿತು. ವಿಮಾನ ಖಾಲಿ ಮಡ್ಡಿಯ ಮೇಲೆ ಹೂವಿನಂತೆ ಇಳಿಯಿತು. ಪೈಲಟ್ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದರು. ಪೆಟ್ಟಾಯಿತೇ ಎಂದು ಓಡಿದೆ. ಆದದ್ದಿಷ್ಟು: ಎಂಜಿನ್ ಕೆಮ್ಮಿ ಮಾಸೂರಿನ ಕೆರೆಯಂಗಳದಲ್ಲಿ ಇಳಿದಿದ್ದರು. ಕಸ ಕಟ್ಟಿದ ಪೆಟ್ರೋಲಿನ ನಳಿಗೆಯನ್ನು ತಾವೇ ತೊಳೆದುಕೊಂಡರು. ಗದ್ದೆ ಕೆಲಸದವರು ಪೆಟ್ರೋಲು ಸೋಸಲು ತಮ್ಮ ರುಮಾಲು ಬಿಚ್ಚಿಕೊಟ್ಟರು. ಆದರೆ ಉಣಿಸದೆ ಬಿಡಲಿಲ್ಲ. ಆರು ರೊಟ್ಟಿ, ಮೇಲೆ ನಾಲ್ಕು ಹೋಳಿಗೆ.

ಗೌಡರ ಪಕ್ಕದಲ್ಲಿ ಬಡಿಸಿಟ್ಟ ಎಲೆಯೊಂದು ಕಾಯುತ್ತಿತ್ತು.

“ಕುಂದರ್ರಿ,” ಎಂದರು ಗೌಡರು.

“ನನ್ನ ಊಟ ಆಗಿದೆ.”

“ನಿಮ್ಮ ಹೆಸರಿಲೆ ಹಾಕಿದ ಎಲಿ ಹಂಗ ಬಿಟ್ಟು ಪಂಕ್ತಿ ಏಳೂದಿಲ್ರಿ.”

ಪೈಲಟ್ ಸುತ್ತ ನೋಡಿದರು. ಒಣಗಿದ ಕೈಯ ಸಾವಿರಾರು ಜನ ಅವರನ್ನೇ ನೋಡುತ್ತಿದ್ದರು. ಕುಳಿತರು. ಒಂದೊಂದು ತುತ್ತೂ ಗಂಟಲಲ್ಲಿ ಇಳಿಯುವುದನ್ನು ಇಡೀ ಮಡ್ಡಿ ಎಣಿಸಿತು. ಬಹಳ ಹೊತ್ತಿನ ಮೇಲೆ, ಬೆವರೊರೆಸಿಕೊಂಡು, ಎಲೆ ಸ್ವಚ್ಛ ಮಾಡಿದರು. ಸ್ವಚ್ಛ ಎಲೆ ಕಂಡ ಗೌಡರ ಹೆಂಡತಿ ಪಾಪ ಹಸಿದಾನೆಂದು ಮತ್ತೆರಡು ಸವಟು ಹುಗ್ಗಿ ಹಾಕಿದರು. ಹಾನಗಲ್ಲಿನಿಂದ ಹಿರೇಕೆರೂರಿನ ತನಕದ ಜನ ಒಟ್ಟಿಗೇ ಉಸಿರು ಬಿಟ್ಟರು.

ಅದೂ ಮುಗಿದ ಮೇಲೆ ಗೌಡರು ಎದ್ದರು. ಮೂರು ತಾಸು ಮಡಚಿಟ್ಟ ಕಾಲು ಜೋಮು ಹಿಡಿದಿತ್ತು. ಮುಗ್ಗರಿಸಿ ಬಿದ್ದು ಪಾದದ ಹರಡು ಉಳುಕಿತು. ಎರಡು ದಿನ, ಏಳು ವಿಮಾನ, ಪೆಟ್ಟಾದದ್ದು ಅವರೊಬ್ಬರಿಗೇ. ಆದರೂ ಪೆಟ್ಟು ಪೆಟ್ಟೇ. ವರದಿಯಲ್ಲಿ ಬರೆಯಬೇಕು, ಜವಾಬ್ದಾರ ನಾನು. ಕಾಗದ ಹಿಡಿದು ಅವರ ಮಂಚದ ಬಳಿ ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ, ನನ್ನ ನೌಕರಿ ಉಳಿಸಿದ ಹೇಳಿಕೆಯನ್ನು ಅವರೇ ಕೊಟ್ಟರು.

“ನಿಂದೇನೂ ತಪ್ಪಿಲ್ಲ, ಇಮಾನದ್ದೂ ತಪ್ಪಿಲ್ಲ. ಎಲ್ಲಾ ನನ್ನ ಹೇಣ್ತೀದು ಅಂತ ಬರಕೋ, ಹೊಟ್ಟಿ ಭಾರಾಗಿ ಬಿದ್ನಿ. ಸಾಹೇಬ್ರಿಗೆ ಮತ್ತ ನೀಡಬ್ಯಾಡ ಅಂತ ಆಕೀಗೆ ಕಣ್ಣಸನ್ನಿ ಮಾಡಿದ್ನಿ. ಆಕಿ ಬಂದು ನನಗೂ ಎರಡು ಸವಟ ಹಾಕಿ ಹ್ವಾದ್ಲು.”