ಅಪ್ಪನ ಬಂದೂಕಿನ ರಬ್ಬರು

ಶಿಸ್ತು ಮನುಷ್ಯನನ್ನು ಕಾಪಾಡುತ್ತದೆ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬೋಧಿಸಿದವನು ನಾನು. ಅದೇ ಶಿಸ್ತು ರಬ್ಬರನ್ನು ಕಾಪಾಡುವುದಿಲ್ಲ ಎಂಬುದು ತಿಳಿದದ್ದು ಶಾಲೆಯನ್ನು ಬಿಟ್ಟು ಪಾಳಾದ ಹೊಲಕ್ಕೆ ಮರಳಿದ ಮೇಲೆ. ಹೊಲದಲ್ಲಿ ಗೋವಿನಜೋಳ, ಅದಕ್ಕೆ ಕಾಡುಹಂದಿ, ಹಂದಿಯನ್ನು ಬೆದರಿಸಲು ಅಪ್ಪನ ಕಾಲದ ಜೋಡುನಳಿಗೆಯ ಬಂದೂಕು. ಬೆಳೆರಕ್ಷಣೆಯ ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ನಾನು ಹಾರಿಸುವುದು ಆಕಾಶಕ್ಕೆ. ಪೆಟ್ಟು ಬೀಳುವುದು ನನ್ನ ಭುಜಕ್ಕೆ. ಆ ಒದೆತವನ್ನು ತಾಳಿಕೊಳ್ಳಲೆಂದೇ ಬಂದೂಕಿನ ಹಿಂಬದಿಯಲ್ಲಿ ರಬ್ಬರಿನ ಮೆತ್ತೆಯೊಂದು ಇರುತ್ತದೆ. ನಮ್ಮದು ಕರಗಿ ಹಳೆಯ ಬೆಲ್ಲದಂತಾಗಿತ್ತು. ಮೊನ್ನೆ ಒಂದೇ ಈಡಿಗೆ ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಹೆಂಡತಿ ಮುಲಾಮು ಹಚ್ಚುತ್ತ ತೀರ್ಪು ಕೊಟ್ಟಳು: “ಹಂದಿ ಆರಾಮ ಐತಿ, ನೀವ ಹಾಸಿಗಿ ಹಿಡದೀರಿ. ಸೋಮವಾರ ಠಾಣೇಕ ಹೋಗಿ ಆ ಬಂದೂಕ ಕೊಟ್ಟ ಬಂದಬಿಡ್ರಿ.”

“ಅಪ್ಪಂದು ಅದು,” ಎಂದೆ.

“ಮಾವನವರು ತಮ್ಮ ಭುಜಾನೂ ಬಿಟ್ಟ ಹೋಗ್ಯಾರೇನು?”

ಸೋಮವಾರಕ್ಕೆ ನಾಲ್ಕು ದಿನಗಳಿದ್ದವು. ನಳಿಗೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕಟ್ಟಿಗೆಯ ಭಾಗವನ್ನಷ್ಟೇ ಬಿಚ್ಚಿ ಧೋತರದಲ್ಲಿ ಸುತ್ತಿಕೊಂಡು ಹಳಿಯಾಳದ ದಾರಿ ಹಿಡಿದೆ. ಅಲ್ಲಿ ಬಂದೂಕು ರಿಪೇರಿಯ ಹಸನಸಾಹೇಬರು ಗಂಟು ಬಿಚ್ಚಿ, ಕರಗಿದ ರಬ್ಬರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

“ಮಾಸ್ತರ, ಇದಕ್ಕ ಎಣ್ಣಿ ಯಾರ ಹಚ್ಚಿದ್ರಿ?”

ನನ್ನ ಎದೆಯುಬ್ಬಿತು. ಪ್ರತಿ ಖಂಡೇನವಮಿಗೂ ಕುಡುಗೋಲು, ಕೊಡಲಿ, ಬಂದೂಕುಗಳನ್ನು ಸಾಲಾಗಿ ಇಟ್ಟು, ಪೂಜೆಗೆ ಮುನ್ನ ಎಣ್ಣೆ ಹಚ್ಚುವವನು ನಾನೇ ಎಂದೆ. ಅಪ್ಪ ಕಬ್ಬಿಣಕ್ಕಷ್ಟೇ ಹಚ್ಚಿ ಸುಮ್ಮನಾಗುತ್ತಿದ್ದರು. ನಾನು ಆ ಅರೆಬರೆ ಪದ್ಧತಿಯನ್ನು ತಿದ್ದಿ, ರಬ್ಬರಿಗೂ ಎರಡು ಲೇಪ ಕೊಡುತ್ತ ಬಂದಿದ್ದೇನೆ ಎಂದೂ ವಿವರಿಸಿದೆ.

“ವಾಹ್! ಕಬ್ಬಿಣಕ್ಕ ಎಣ್ಣಿ ಅಮೃತ, ರಬ್ಬರಿಗೆ ಜಹರ್! ಅಪ್ಪಾರು ಕಾಯ್ದ ಇಟ್ಟಿದ್ದನ್ನ ನೀವು ಪೂಜಾ ಮಾಡಿ ಕೊಂದೀರಿ ನೋಡ್ರಿ.”

ಇಷ್ಟು ವರ್ಷಗಳಲ್ಲಿ ನನ್ನ ಉತ್ತರಪತ್ರಿಕೆಗೆ ಯಾರೂ ಸೊನ್ನೆ ಕೊಟ್ಟಿರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತೆ. ಸಾಹೇಬರು ಹಳೆಯ ಅಂಟನ್ನು ಕೆರೆದು ತೆಗೆದರು; ಸಡಿಲವಾದ ಸ್ಕ್ರೂ ತೂತುಗಳಿಗೆ ಕಟ್ಟಿಗೆಯ ಬೆಣೆ ಬಡಿದರು; ಹಳೆಯದರಷ್ಟೇ ದಪ್ಪದ, ಅಗಲದಲ್ಲಿ ತುಸು ಹೆಚ್ಚಿದ್ದ ಹೊಸ ಮೆತ್ತೆಯನ್ನು ಕೂರಿಸಿ, ಕಟ್ಟಿಗೆಗೆ ಗೀರು ಬೀಳದಂತೆ ಪಟ್ಟಿ ಸುತ್ತಿ, ಅಂಚನ್ನು ಉಜ್ಜತೊಡಗಿದರು. ಒಂದೊಂದು ಹಂತಕ್ಕೂ ನಾನು ಒಂದೊಂದು ಪ್ರಶ್ನೆ ಕೇಳಿದೆ.

“ಮಾಸ್ತರ, ಹೊರಗ ಹೋಗಿ ಚಾ ಕುಡದ ಬರ್ರಿ. ಇಲ್ಲಾಂದ್ರ ಇದರ ಜೋಡಿ ನಿಮಗೂ ಒಂದ ಸ್ಕ್ರೂ ಹಾಕ್ತೇನಿ.”

ಭಾನುವಾರ ಸಂಜೆ ಹೊಲದ ಬದುವಿನಲ್ಲಿ ಹೆಂಡತಿ ಮುಲಾಮಿನ ಡಬ್ಬಿ ಹಿಡಿದೇ ನಿಂತಿದ್ದಳು. ಆಕಾಶಕ್ಕೆ ಒಂದು ಈಡು ಹಾರಿಸಿದೆ. ಜೋಳದೊಳಗಿಂದ ಎರಡು ಹಂದಿಗಳು ಕಾಡಿನತ್ತ ಓಡಿದವು. ಅವಳು ಹಂದಿಗಳತ್ತ ನೋಡಲೇ ಇಲ್ಲ. ನನ್ನ ಭುಜವನ್ನು ಒತ್ತಿ, ಮುಖವನ್ನು ಪರೀಕ್ಷಿಸಿದಳು. ನಾನು ನಿಜವಾಗಿಯೂ ಮುಖ ಕಿವಿಚಲಿಲ್ಲ.

“ಇರ್ಲಿ ಬಿಡ್ರಿ, ಮನ್ಯಾಗ ಇರ್ಲಿ. ಆದ್ರ ಇನ್ನ ಮ್ಯಾಲೆ ಎಣ್ಣಿ ಬಾಟ್ಲಿ ನನ್ನ ಕಡೆ.”

ಸೋಮವಾರ ನಾನು ಠಾಣೆಗೆ ಹೋಗಲಿಲ್ಲ. ಹೊಸ ಮೆತ್ತೆಯ ಕ್ಷೇಮವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸುವ ಕ್ರಮವನ್ನು ರೂಢಿಸಿಕೊಂಡೆ. ಮೂರನೆಯ ದಿನ ಅವಳು, “ಒತ್ತಿ ಒತ್ತೀನ ಇದನ್ನೂ ಮುಗಸ್ತೀರಿ!” ಎಂದು ಗದರಿದಳು. ಅವಳ ಮಾತಿನಲ್ಲಿ ತಥ್ಯವಿತ್ತು. ಈಗ ದಿನಕ್ಕೆ ಒಮ್ಮೆ ಮಾತ್ರ ಒತ್ತುತ್ತೇನೆ. ಅದೂ ಅವಳು ಹಿತ್ತಲಿಗೆ ಹೋದಾಗ.