ಭಾವನವರ ಸ್ಯಾಂಪಲ್ ಬಾಟಲಿ

ನಮ್ಮ ಭಾವನವರ ಕೈಗೆ ಸಿಕ್ಕರೆ ಹುಣ್ಣಿಮೆ ಚಂದ್ರನೂ ಪಾಸಾಗುವುದು ಕಷ್ಟ! ಯಜಮಾನರ ಅಣ್ಣ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳನ್ನು ಅಳೆದು, ಅಳತೆ ತಪ್ಪಿದ್ದನ್ನು ಕೆಂಪು ಡಬ್ಬಕ್ಕೆ ಎಸೆದು ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾವ ಹುಡುಗಿ ಅಳತೆಗೆ ಹೊಂದಿಯಾಳು ಹೇಳಿ? ಬಾಗಲಗುಂಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದಾರೆ. ಊಟ ನನ್ನ ಕೈಯದು, ತಪಾಸಣೆ ಅವರದು!

ಒಂದು ಸಂಕಷ್ಟಿಯಂದು ಕಡುಬು ಮಾಡಿಟ್ಟಿದ್ದೆ. ಭಾವ ಜೇಬಿನಿಂದ ದಪ್ಪ ಅಳೆಯುವ ವರ್ನಿಯರ್ ತೆಗೆದೇಬಿಟ್ಟರು.

"ಏನಮ್ಮಾ, ನಾಲ್ಕು ದಪ್ಪ ಆಗ್ಬಿಟ್ಟಿದೆ."

"ಗಣಪತೀನೇ ದಪ್ಪ ಇದಾನೆ ಭಾವ, ಅವನೇನೂ ಅನ್ನಲ್ಲ."

ಆ ನಾಲ್ಕನ್ನೂ ರಿಜೆಕ್ಟ್ ಮಾಡಿ ಬದಿಗಿಟ್ಟರು. ನೈವೇದ್ಯವಾದ ಮೇಲೆ ಮೊದಲು ತಿಂದದ್ದು ಅವನ್ನೇ!

ಇಂಥವರಿಗೆ ಬಿ.ಪಿ. ಬಂತು. ಡಾಕ್ಟರು ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಬರೆದರು.

"ಕಿಡ್ನಿ ಜರಡಿ ಇದ್ದಂಗೆ ಸಾರ್. ಪ್ರೋಟೀನ್ ಸೋರಬಾರದು. ನೋವು ಬರೋಕೆ ಎಷ್ಟೋ ಮುಂಚೆ ಮೂತ್ರದಲ್ಲೇ ಗೊತ್ತಾಗುತ್ತೆ."

"ಎಷ್ಟರವರೆಗೆ ಸೋರಿದ್ರೆ ಪಾಸು ಡಾಕ್ಟ್ರೇ?" ಎಂದರು ಭಾವ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ವೆಂಕಟರಮಣನ ಮುಖ ನೋಡಿದೆ.

ಮರುದಿನ ಬೆಳಿಗ್ಗೆ ಬಾಟಲಿಗೆ ಹೆಸರು, ತಾರೀಖು, ಗಂಟೆ, ನಿಮಿಷ ಎಲ್ಲ ಬರೆದ ಚೀಟಿ ಅಂಟಿಸಿ ತಂದರು. ಲ್ಯಾಬಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದಳು.

"ಅಂಕಲ್, ಇದೇನು ಇಷ್ಟು ತೆಳ್ಳಗಿದೆ? ನೀರು ಹಾಕಿದ್ರಾ?"

"ಸ್ವಲ್ಪ ಗಟ್ಟಿ ಅನ್ನಿಸ್ತು. ಫಿಲ್ಟರ್ ನೀರು ಬೆರೆಸಿ ಹದ ಮಾಡ್ದೆ."

ಕಾರ್ಖಾನೆಯಲ್ಲಿ ಯಂತ್ರ ತಣ್ಣಗಾಗಲು ಸುರಿಯುವ ದ್ರಾವಣ ಗಟ್ಟಿಯಾದರೆ ಹೀಗೇ ನೀರು ಬೆರೆಸುತ್ತಾರಂತೆ. ಮೂವತ್ತು ವರ್ಷದ ಅಭ್ಯಾಸ!

"ಹಾಲಿನವರೂ ಇಷ್ಟು ಧೈರ್ಯವಾಗಿ ಒಪ್ಕೊಳ್ಳಲ್ಲ ಅಂಕಲ್!" ಎಂದಳು ಹುಡುಗಿ. ನಾಚಿಕೆಯಿಂದ ನಾನು ರಾಮ ರಾಮ ಎಂದುಕೊಂಡೆ.

ಬರುವಾಗ ಆಟೋದಲ್ಲಿ ಗದರಿಸಿಯೇ ಕೇಳಿದೆ. "ನಿಜ ಹೇಳಿ ಭಾವ, ಯಾಕೆ ಹಾಗ್ಮಾಡಿದ್ರಿ?"

ಭಾವ ರಸ್ತೆಯ ಕಡೆ ತಿರುಗಿಕೊಂಡರು. "ಮೂತ್ರದಲ್ಲಿ ನೊರೆ ಜಾಸ್ತಿ ಇತ್ತಮ್ಮಾ. ನಮ್ಮಪ್ಪಂಗೂ ಹಿಂಗೇ ಬರ್ತಿತ್ತು. ಯಾರೂ ಪರೀಕ್ಷೆ ಮಾಡಿಸ್ಲಿಲ್ಲ. ಕಿಡ್ನಿ ಹೋಗಿದೆ ಅಂತ ಗೊತ್ತಾಗೋಷ್ಟರಲ್ಲಿ ಆಗ್ಹೋಗಿತ್ತು."

ಭಯಕ್ಕೆ ನೀರು ಬೆರೆಸಿದ್ದರು, ಪಾಪ!

ಮರುದಿನ ದೀಪ ಹಚ್ಚಿ, ನೀರು ಕಾಣದ ಬಾಟಲಿ ಕಳಿಸಿದೆ. ಪ್ರೋಟೀನ್ ಸೋರುತ್ತಿತ್ತು, ಸ್ವಲ್ಪವೇ. "ಬೇಗ ಸಿಕ್ತು, ಒಳ್ಳೇದಾಯ್ತು. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಮ್ಮಿ ಮಾಡಿ" ಎಂದರು ಡಾಕ್ಟರು. 'ಬೇಗ' ಎಂಬ ಆ ಒಂದು ಮಾತಿಗೆ ಸ್ವಾಮಿಗೆ ಅಡ್ಡಬಿದ್ದೆ. ಭಾವ ಮಾತ್ರ ಉಪ್ಪಿನಕಾಯಿ ಜಾಡಿಗೆ ಕೊನೆಯ ನಮಸ್ಕಾರ ಮಾಡಿದರು!

ಎರಡು ದಿನ ಬಿಟ್ಟು, ನಾನು ಒಗ್ಗರಣೆ ಹಾಕುತ್ತಿದ್ದಾಗ, ಅಡುಗೆ ಕಟ್ಟೆಯ ಮೇಲೆ ಇನ್ನೊಂದು ಖಾಲಿ ಬಾಟಲಿ ತಂದಿಟ್ಟರು. ಚೀಟಿಯ ಮೇಲೆ ದುಂಡಗೆ ನನ್ನ ಹೆಸರು.

"ನನಗ್ಯಾಕೆ ಭಾವ?"

"ನೀನೂ ಬಿ.ಪಿ. ಮಾತ್ರೆ ನುಂಗ್ತೀಯ. ಸಂಜೆ ಆದ್ರೆ ಕಾಲು ಊದಿ ಚಪ್ಪಲಿ ಹಿಡಿಯಲ್ಲ. ಎರಡು ತಿಂಗಳಿಂದ ನೋಡ್ತಿದೀನಿ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ."

ಈ ಮನೆಯಲ್ಲಿ ಎಲ್ಲರ ಜ್ವರ, ಎಲ್ಲರ ಮಾತ್ರೆ ನೆನಪಿಟ್ಟುಕೊಂಡವಳು ನಾನು. ನನ್ನ ಕಾಲನ್ನು ನಾನೇ ನೋಡಿಕೊಂಡಿರಲಿಲ್ಲ.

ಒಲೆ ಆರಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಾಟಲಿ ಎತ್ತಿಟ್ಟುಕೊಂಡೆ.