ಕೊನೇ ಬೆಂಚಿಗೆ ಕೇಳಿಸಿದ್ದು

ಪ್ರಿನ್ಸಿಪಾಲ್: ನಾನು ಸಹಿ ಹಾಕೋದೇ. ಮಕ್ಕಳು ಪಾಠ ರೆಕಾರ್ಡ್ ಮಾಡ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?

ಮೇಷ್ಟ್ರು: ಪಾಠ ಅನ್ನೋದು ಹರಿಯೋ ನೀರು ಕಣೇ. ಅದನ್ನ ಡಬ್ಬಿಯಲ್ಲಿ ಹಿಡಿದಿಡೋಕಾಗಲ್ಲ.

ಪ್ರಿನ್ಸಿಪಾಲ್: ನಮ್ಮ ಮದುವೆಗೆ ಮುಂಚೆ ಬರೆದ ನೋಟ್ಸನ್ನೇ ಇವತ್ತೂ ಹಿಡ್ಕೊಂಡು ಹೋಗ್ತೀರಿ. ಎಲ್ಲಿ ಹರೀತು?

ಮೇಷ್ಟ್ರು: ಅಂಚಲ್ಲೆಲ್ಲಾ ಹರಿದಿದೆ, ಬೇಕಾದ್ರೆ ತೋರಿಸ್ತೀನಿ.

ಇವರಿಬ್ಬರೂ ಗಂಡ ಹೆಂಡತಿ. ಆಕೆ ಕಾಲೇಜಿನ ಪ್ರಿನ್ಸಿಪಾಲ್, ಆತ ಅದೇ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು. ಆಕೆ ಆ ಕುರ್ಚಿಯಲ್ಲಿ ಕೂತ ದಿನವೇ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಕೋಣೆಯ ಬಾಗಿಲು ತೆರೆದಿದ್ದರೆ ಮೇಡಂ ಮತ್ತು ಮೇಷ್ಟ್ರು, ಮುಚ್ಚಿದ್ದರೆ ಗಂಡ ಮತ್ತು ಹೆಂಡತಿ. ಮಹಾಸಾಮ್ರಾಜ್ಯಗಳು ಕೂಡ ತಮ್ಮ ಗಡಿ ಒಪ್ಪಂದಗಳನ್ನು ಇಷ್ಟು ನಿಷ್ಠೆಯಿಂದ ಪಾಲಿಸಿರಲಿಕ್ಕಿಲ್ಲ. ಈಗ ಬಾಗಿಲು ಮುಚ್ಚಿತ್ತು. ಮೇಜಿನ ಮೇಲೆ, ವಿದ್ಯಾರ್ಥಿಗಳು ಪಾಠ ರೆಕಾರ್ಡ್ ಮಾಡಿಕೊಳ್ಳಬಹುದು ಎಂಬ ಆದೇಶ ಸಹಿಗಾಗಿ ಬಾಯಿ ತೆರೆದು ಬಿದ್ದಿತ್ತು.

ಪ್ರಿನ್ಸಿಪಾಲ್: ನಿಜ ಹೇಳಿ. ಕ್ಲಾಸಲ್ಲಿ ನಿದ್ದೆ ಮಾಡ್ತೀರಾ?

ಮೇಷ್ಟ್ರು: ಛೆ, ಅದು ಹುಡುಗರ ಹಕ್ಕು.

ಪ್ರಿನ್ಸಿಪಾಲ್: ಹಾಗಾದ್ರೆ ಹಾಡ್ತೀರಾ?

ಮೇಷ್ಟ್ರು: ಒಂದ್ಸಲ ಹಾಡಿದ್ದೆ. ಬೇಡಿಕೆ ರೇಖೆ ಹೇಗೆ ಇಳಿಯುತ್ತೆ ಅಂತ ತೋರಿಸೋಕೆ.

ಪ್ರಿನ್ಸಿಪಾಲ್: ಮತ್ಯಾಕೆ ಇಷ್ಟು ಬೆವರ್ತಿದೀರಿ?

ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿಯ ಮೇಜಿನ ಅಂಚಿಗೆ ಒರಗಿದ್ದ ಮೇಷ್ಟ್ರು ಒಂದೇ ನೆಗೆತಕ್ಕೆ ಎದುರಿನ ಕುರ್ಚಿ ಸೇರಿ, ಬೆನ್ನು ನೆಟ್ಟಗೆ ಮಾಡಿಕೊಂಡರು. ಬಾಗಿಲು ತೆರೆದು ಒಳಗೆ ಬಂದವಳು ಎರಡನೇ ವರ್ಷದ ಹುಡುಗಿ. ರೆಕಾರ್ಡಿಂಗಿಗೆ ಅನುಮತಿ ಕೊಡಿ ಅಂತ ಮೊದಲು ಅರ್ಜಿ ಹಾಕಿದವಳು ಅವಳೇ.

ಮೇಷ್ಟ್ರು: ಮೇಡಂ, ಈ ವಿಷಯದಲ್ಲಿ ನನ್ನ ತೀವ್ರ ಆಕ್ಷೇಪಣೆ ಇದೆ.

ಪ್ರಿನ್ಸಿಪಾಲ್: ಗಮನಕ್ಕೆ ತಗೊಂಡಿದೀನಿ ಮೇಷ್ಟ್ರೇ. ನೀನು ಹೇಳಮ್ಮ, ರೆಕಾರ್ಡಿಂಗ್ ಯಾಕೆ ಬೇಕು?

ಹುಡುಗಿ: ಸರ್ ವೇಗಕ್ಕೆ ಬರ್ಕೊಳ್ಳೋಕಾಗಲ್ಲ ಮೇಡಂ. ನಾನು ‘ಲಾಭ’ ಅಂತ ಬರೆದು ತಲೆ ಎತ್ತೋಷ್ಟರಲ್ಲಿ ಸರ್ ದಿವಾಳಿ ಎದ್ದಿರ್ತಾರೆ.

ಮೇಷ್ಟ್ರು: ನಿಧಾನ ಮಾಡಿ ಅಂತ ಹೇಳ್ಬಹುದಿತ್ತು.

ಹುಡುಗಿ: ಹೇಳಿದ್ದೆ ಸರ್. ‘ಮಾರುಕಟ್ಟೆ ಯಾರಿಗೂ ಕಾಯಲ್ಲ’ ಅಂದ್ರಿ. ಹೋದ ಸಲ ನಿಮ್ಮ ಪೇಪರ್ ಒಂದ್ರಲ್ಲೇ ನಾನು ಹೋಗಿದ್ದು. ಈ ಸಲವೂ ಹೋದ್ರೆ ಓದಿದ್ದು ಸಾಕು, ಮನೇಲಿರು ಅಂತ ಅಪ್ಪ ಹೇಳ್ಬಿಟ್ಟಿದ್ದಾರೆ.

ಪ್ರಿನ್ಸಿಪಾಲ್ ಮೇಷ್ಟ್ರನ್ನೊಮ್ಮೆ ನೋಡಿ, ಹುಡುಗಿಯ ಕಡೆ ತಿರುಗಿದರು.

ಪ್ರಿನ್ಸಿಪಾಲ್: ಕೊನೇ ಬೆಂಚಲ್ಲಿ ಕೂತ್ರೂ ರೆಕಾರ್ಡಿಂಗ್ ಸರಿಯಾಗಿ ಕೇಳಿಸುತ್ತಾ? ಹಾಗೆ ಮಾಡಿರೋದು ಏನಾದ್ರೂ ಇದೆಯಾ?

ಹುಡುಗಿ: ಇದೆ ಮೇಡಂ. ಮಾಡ್ಬೇಡಿ ಅಂತ ಇನ್ನೂ ಯಾರೂ ಹೇಳಿರ್ಲಿಲ್ವಲ್ಲ, ಅದಕ್ಕೆ.

ಮೇಷ್ಟ್ರು: ಅದೆಲ್ಲಾ ಈಗ ಯಾಕೆ ಮೇಡಂ? ಸಮಯ ವ್ಯರ್ಥ.

ಪ್ರಿನ್ಸಿಪಾಲ್: ಹಾಕಮ್ಮ.

ಫೋನಿನಿಂದ ಮೇಷ್ಟ್ರ ಧ್ವನಿ ಗಂಟೆ ಹೊಡೆದಂತೆ ಹೊರಬಂತು. ‘ಉತ್ಪಾದನೆ ಆಗಲಿ ಬಿಡಲಿ, ತಪ್ಪದೆ ಮೈಮೇಲೆ ಬೀಳೋ ವೆಚ್ಚವೇ ಸ್ಥಿರ ವೆಚ್ಚ. ಉದಾಹರಣೆಗೆ, ನಮ್ಮ ಅತ್ತೆ.’ ಹುಡುಗರ ನಗು. ‘ಅಲ್ಪಾವಧಿ, ದೀರ್ಘಾವಧಿ ಅಂದ್ರೇನು? ನಮ್ಮ ಭಾಮೈದ ಎರಡು ದಿನಕ್ಕೆ ಅಂತ ಬ್ಯಾಗ್ ಹಿಡ್ಕೊಂಡು ಬಂದ. ಅದು ಅಲ್ಪಾವಧಿ. ಬ್ಯಾಗಲ್ಲಿದ್ದ ಬಟ್ಟೆ ನನ್ನ ಬೀರುವಿಗೆ ಹೋಯ್ತು. ಅದು ದೀರ್ಘಾವಧಿ.’ ಮತ್ತೆ ನಗು. ‘ಏಕಸ್ವಾಮ್ಯದಲ್ಲಿ ಇರೋದು ಒಬ್ಬರೇ. ಅವರು ಹೇಳಿದ್ದೇ ಬೆಲೆ. ಚೌಕಾಸಿ ಇಲ್ಲ. ನಿಮಗೆಲ್ಲ ಅವರು ಗೊತ್ತು, ಪ್ರಿನ್ಸಿಪಾಲ್ ರೂಮಲ್ಲಿ ಕೂತಿರ್ತಾರೆ.’

ಹುಡುಗಿ ಫೋನ್ ನಿಲ್ಲಿಸಿದಳು. ಬಾಗಿಲು ತೆರೆದೇ ಇತ್ತು. ಒಪ್ಪಂದ ಜಾರಿಯಲ್ಲಿತ್ತು. ಹಾಗಾಗಿ ಸಿಡಿಲು ಕೂಡ ಕಚೇರಿ ಭಾಷೆಯಲ್ಲೇ ಬೀಳಬೇಕಾಯಿತು.

ಪ್ರಿನ್ಸಿಪಾಲ್: ಉಪನ್ಯಾಸಕರು ಇಂದು ಸಂಜೆಯಿಂದ ತಮ್ಮ ಊಟದ ಏರ್ಪಾಡನ್ನು ತಾವೇ ನೋಡಿಕೊಳ್ಳತಕ್ಕದ್ದು.

ಮೇಷ್ಟ್ರು: ಸದರಿ ಆದೇಶವನ್ನು ಮರುಪರಿಶೀಲಿಸಬೇಕಾಗಿ ವಿನಂತಿ.

ಪ್ರಿನ್ಸಿಪಾಲ್: ತಿರಸ್ಕರಿಸಲಾಗಿದೆ.

ಮೇಷ್ಟ್ರು: ಮೇಲ್ಮನವಿ ಯಾರಿಗೆ ಸಲ್ಲಿಸಬೇಕು?

ಪ್ರಿನ್ಸಿಪಾಲ್: ಸ್ಥಿರ ವೆಚ್ಚಕ್ಕೆ.

ಆಕೆ ಕತ್ತಿ ಹಿರಿದಂತೆ ಪೆನ್ನಿನ ಮುಚ್ಚಳ ಕಿತ್ತರು.

ಪ್ರಿನ್ಸಿಪಾಲ್: ಇವರ ಪಾಠ ಒಂದಕ್ಷರ ಬಿಡದೆ ರೆಕಾರ್ಡ್ ಆಗ್ಬೇಕು.

ಮೇಷ್ಟ್ರು: ಒಂದ್ನಿಮಿಷ ಮೇಡಂ. ಏನಮ್ಮ, ಬರೀ ನನ್ನ ಕ್ಲಾಸಿಂದೇನಾ ಇರೋದು?

ಹುಡುಗಿ ಚಪ್ಪಲಿ ನೋಡಿಕೊಂಡಳು. ಪ್ರಿನ್ಸಿಪಾಲ್ ಆದರೂ ಪಾಠ ಮರೆಯಬಾರದು ಅಂತ ಮೇಡಂ ವಾರಕ್ಕೊಂದು ರಾಜ್ಯಶಾಸ್ತ್ರದ ಕ್ಲಾಸು ಇಟ್ಟುಕೊಂಡಿದ್ದರು.

ಪ್ರಿನ್ಸಿಪಾಲ್: ಅದು ಬೇಡಮ್ಮ. ಕೇಳಿಸುತ್ತೆ ಅಂತ ಗೊತ್ತಾಯ್ತಲ್ಲ.

ಮೇಷ್ಟ್ರು: ಆಡಳಿತದಲ್ಲಿ ಪಾರದರ್ಶಕತೆ ಇರ್ಬೇಕು ಮೇಡಂ. ಹಾಕಮ್ಮ.

ಈ ಸಲ ಮೇಡಂ ಧ್ವನಿ. ‘ನಾಮಮಾತ್ರದ ಮುಖ್ಯಸ್ಥ ಅಂದ್ರೆ ಅರ್ಥ ಆಗ್ಲಿಲ್ವಾ? ನಮ್ಮನೇಲಿ ಒಬ್ಬರಿದ್ದಾರೆ. ಗೇಟಿನ ಮೇಲೆ ಅವರ ಹೆಸರಿನ ಬೋರ್ಡಿದೆ. ಎಲ್ಲಾ ನಿರ್ಧಾರವೂ ಅವರ ಹೆಸರಲ್ಲೇ ಆಗುತ್ತೆ. ಅವರಿಗೆ ಆಮೇಲೆ ತಿಳಿಸ್ತೀವಿ. ಇನ್ನು ಸಭಾತ್ಯಾಗ. ಪಾತ್ರೆ ತೊಳೆಯೋ ಮಾತು ಬಂದ ಕೂಡ್ಲೇ ಅವರು ವಾಕಿಂಗ್ ಹೊರಡ್ತಾರಲ್ಲ, ಅದು.’ ಈ ಕ್ಲಾಸಿನ ನಗು ಮೇಷ್ಟ್ರ ಕ್ಲಾಸಿನ ನಗುವಿಗಿಂತ ಉದ್ದವಾಗಿತ್ತು. ಮೇಷ್ಟ್ರಿಗೆ ಹೆಚ್ಚು ನೋವಾದದ್ದು ಅದರಿಂದಲೇ.

ಪ್ರಿನ್ಸಿಪಾಲ್ ಎದ್ದು ಹೋಗಿ ಬಾಗಿಲು ಮುಚ್ಚಿದರು. ಹುಡುಗಿ ಒಳಗೇ ಇದ್ದಾಳೆ ಅನ್ನುವುದು ಇಬ್ಬರಿಗೂ ಮರೆತೇಹೋಯಿತು. ಬಾಗಿಲು ಮುಚ್ಚಿದರೆ ಮನೆ, ಅಷ್ಟೇ.

ಪ್ರಿನ್ಸಿಪಾಲ್: ರೀ, ಇದು ಬೇಡ ಕಣ್ರೀ.

ಮೇಷ್ಟ್ರು: ನಾನು ಮೊದಲಿಂದ ಏನು ಹೇಳ್ತಿದೀನಿ?

ಪ್ರಿನ್ಸಿಪಾಲ್: ಹರಿಯೋ ನೀರು ಅಂತ.

ಮೇಷ್ಟ್ರು: ನಿನಗೆ ಅರ್ಥ ಆಗ್ಲಿಲ್ಲ.

ಪ್ರಿನ್ಸಿಪಾಲ್: ಈಗ ಆಯ್ತು. ಹರಿದು ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ನಮ್ಮಮ್ಮನವರೆಗೂ ಹೋದ್ರೆ?

ಮೇಷ್ಟ್ರು: ಅಯ್ಯೋ, ಬಿಡ್ತು ಅನ್ನು. ಹರಿದು ಹಾಕು ಆ ಆದೇಶಾನ.

ಹುಡುಗಿ (ಕೆಮ್ಮಿ): ಸರ್, ಮೇಡಂ, ನಾನು ಇಲ್ಲೇ ಇದೀನಿ.

ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಒಟ್ಟಿಗೆ ಕೈ ಹಾಕಿದರು. ಬಾಗಿಲು ತೆರೆಯಿತು, ಹೋದ ಮಾನ ಮಾತ್ರ ಒಳಗೆ ಬರಲಿಲ್ಲ.

ಹುಡುಗಿ: ಬೇಡ ಅಂದ್ರೆ ಈಗಲೇ ಅಳಿಸ್ತೀನಿ. ಆದ್ರೆ ಸರ್, ನಿಮ್ಮ ಅತ್ತೆ ಇಲ್ದೇ ಹೋಗಿದ್ರೆ ಸ್ಥಿರ ವೆಚ್ಚ ನಂಗೆ ಈ ಜನ್ಮದಲ್ಲಿ ಅರ್ಥ ಆಗ್ತಿರ್ಲಿಲ್ಲ. ಅದನ್ನೇ ಕೇಳ್ಕೊಂಡು ಕೇಳ್ಕೊಂಡು ಮೊನ್ನೆ ಟೆಸ್ಟಲ್ಲಿ ಪಾಸಾದೆ.

ಮೇಷ್ಟ್ರು: ಆ ಪ್ರಶ್ನೆಗೆ ಸರಿಯಾಗಿ ಬರೆದೋಳು ನೀನೇನಾ? ಉದಾಹರಣೆ ಏನು ಬರೆದಿದ್ದೆ?

ಹುಡುಗಿ: ಕಾರ್ಖಾನೆ ಬಾಡಿಗೆ ಅಂತ ಬರೆದೆ ಸರ್. ಅತ್ತೆ ಅಂತ ಬರೆಯೋಕೆ ಧೈರ್ಯ ಬರ್ಲಿಲ್ಲ.

ಮೇಷ್ಟ್ರು ಮೇಡಂ ಮುಖ ನೋಡಿದರು. ಮೇಡಂ ಫ್ಯಾನ್ ನೋಡಿದರು. ಆಮೇಲೆ ಆದೇಶವನ್ನು ಹತ್ತಿರಕ್ಕೆ ಎಳೆದುಕೊಂಡರು.

ಪ್ರಿನ್ಸಿಪಾಲ್: ಒಂದು ಷರತ್ತು. ರೆಕಾರ್ಡಿಂಗನ್ನು ತರಗತಿಯ ಹೊರಗಿನ ಯಾರಿಗೂ ಕೊಡಬಾರದು.

ಮೇಷ್ಟ್ರು: ಎಂಥದೇ ಒತ್ತಡ ಬಂದರೂ ಕೊಡಬಾರದು ಅಂತ ಸೇರಿಸಿ ಮೇಡಂ.

ಪ್ರಿನ್ಸಿಪಾಲ್: ಎಷ್ಟೇ ದೊಡ್ಡವರು ಕೇಳಿದರೂ.

ಮೇಷ್ಟ್ರು: ಅಡಿಗೆರೆ ಎಳೀರಿ.

ಗೆರೆ ಬಿತ್ತು, ಸಹಿ ಬಿತ್ತು, ಮೊಹರು ಬಿತ್ತು. ಹುಡುಗಿ ತನ್ನ ಪ್ರತಿಯನ್ನು ಎದೆಗವಚಿಕೊಂಡು ಹೊರಟಳು. ಅವಳು ಮೆಟ್ಟಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಬೂಟಿನ ಸದ್ದು.

ಮೇಷ್ಟ್ರು (ಪಿಸುದನಿಯಲ್ಲಿ): ಅಮ್ಮಾ, ಮೇಡಂ ಕ್ಲಾಸಿಂದೆಲ್ಲಾ ನನಗೆ ಕಳಿಸ್ತೀಯಾ? ಬರೀ ಅಧ್ಯಯನಕ್ಕೆ.

ಅದೇ ಹೊತ್ತಿಗೆ ಅವಳ ಫೋನು ಗುರ್ ಅಂದಿತು. ಅವಳು ಅದನ್ನು ಮೇಷ್ಟ್ರ ಕಡೆ ತಿರುಗಿಸಿದಳು. ಮೇಡಂ ಸಂದೇಶ: ‘ಸರ್ ಪಾಠಗಳನ್ನೆಲ್ಲ ನನಗೆ ಕೂಡಲೇ ಕಳಿಸು. ಆಡಳಿತಾತ್ಮಕ ಕಾರಣ.’

ಮೇಷ್ಟ್ರು: ಕಳಿಸ್ತೀಯಾ?

ಹುಡುಗಿ: ಹೇಗೆ ಸರ್? ಅಡಿಗೆರೆ ಬೇರೆ ಎಳೆಸಿದ್ದೀರಿ. ಮೇಡಂ ನಿಮ್ಮ ತರಗತಿಯವರಲ್ಲ, ನೀವು ಮೇಡಂ ತರಗತಿಯವರಲ್ಲ.

ಮೇಷ್ಟ್ರು: ಮತ್ತೆ ನಾನು ಕೇಳೋದು ಹೇಗೆ?

ಹುಡುಗಿ: ಗುರುವಾರ ಮೂರನೇ ಪೀರಿಯಡ್‌ಗೆ ಬನ್ನಿ ಸರ್, ಕೊನೇ ಬೆಂಚಲ್ಲಿ ನನ್ನ ಪಕ್ಕ ಜಾಗ ಇದೆ. ಹಾಜರಿ ಮಾತ್ರ ಮೇಡಮ್ಮೇ ಕೂಗ್ತಾರೆ.